ಚಿಲುಮೆಯ ಎರಡು ತಾಸು

ತೊಂಬತ್ತರ ದಶಕದಲ್ಲಿ ಧಾರವಾಡದ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು; ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕಬ್ಬಿಣದ ಭಾಗ ಕೆಡುವ ಕೆಲಸ. ಯಾರು ಏನೇ ಹೇಳಲಿ, ಎರಡು ಬೆರಳುಗಳ ನಡುವೆ ಗಾಳಿಯನ್ನೇ ಅಳತೆ ಹಿಡಿದಂತೆ ತೋರಿಸಿ, "ಅಳದ ನೋಡೀರೇನು?" ಎನ್ನುತ್ತಿದ್ದರು.

ಅವರ ಧ್ಯಾನಕ್ಕೆ ಮಾತ್ರ ಆ ಅಳತೆ ಇರಲಿಲ್ಲ. ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಗಾಂಜಾ ಚಿಲುಮೆ ಸೇದಿಯೇ ಕೂರುತ್ತಿದ್ದರು. ಭಜನೆಯ ಗೆಳೆಯರು ಕಲಿಸಿದ ರೂಢಿ. "ಒಂದ ದಮ್ಮ ಎಳದ ಕುಂತ್ರ ಎರಡ ತಾಸು ಮಿಸುಕಾಡೂದಿಲ್ಲ ನೋಡವಾ," ಎಂದು ನನ್ನೆದುರು ಹೆಮ್ಮೆಪಡುತ್ತಿದ್ದರು. ಅವರ ಕೆಮ್ಮು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು.

ಒಂದು ರವಿವಾರ ನಾನೇ ಕೇಳಿಬಿಟ್ಟೆ: "ಕಾಕಾ, ಅಳದ ನೋಡೀರೇನ್ರಿ?"

ಅವರು ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟು, ಚಿಲುಮೆ ಸೇದಿ ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ, "ಎರಡ ತಾಸು ಆತಲ್ಲ?" ಎಂದರು. ಹದಿನಾಲ್ಕು ನಿಮಿಷವಾಗಿತ್ತು. ನಂಬದೆ ಗಡಿಯಾರವನ್ನು ಕಿವಿಗೆ ಹಿಡಿದರು. ಅದು ಸರಿಯಾಗಿಯೇ ನಡೆಯುತ್ತಿತ್ತು.

ಮರುದಿನ ಚಿಲುಮೆ ಇಲ್ಲದೆ ಕೂತರು. ಕಾಲು ಬದಲಿಸಿದರು, ಬೆನ್ನು ತುರಿಸಿಕೊಂಡರು, ಬೈದುಕೊಂಡು ಎದ್ದರು. ಮತ್ತೆ ಮರುದಿನ ಕೂತರು. ಹೀಗೇ ತಿಂಗಳುಗಳು ಕಳೆದವು, ಕೆಮ್ಮು ಇಳಿಯಿತು. ಒಂದು ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ, "ಹನ್ನೆರಡ ನಿಮಿಷ ಆಗಿರಬೇಕು, ನೋಡವಾ," ಎಂದರು.

ನೋಡಿದೆ. ಹನ್ನೆರಡೇ ಆಗಿತ್ತು.

"ಭಾಳ ಸಣ್ಣದಾತು," ಎಂದು ಕಾಕಾ ನಕ್ಕರು. "ಆದ್ರ ಅಳತಿ ಖರೇ ಐತಿ."