ಡಾಕ್ಟರ್ ರೇಣುಕಾ ಸಿದ್ದಿಯ ವರ್ಜೀನಿಯಾ

ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದುತ್ತಿದ್ದ ನಮ್ಮ ರೇಣುಕಾ ಸಿದ್ದಿ ಅಮೆರಿಕಕ್ಕೆ ಕಾಲಿಟ್ಟವಳಲ್ಲ. ಆದರೂ ವರ್ಜೀನಿಯಾ ರಾಜ್ಯವೆಂದರೆ ತವರಿನ ಸುದ್ದಿಯಂತೆ ಮಾತಾಡುತ್ತಿದ್ದಳು. ಫೀಕಾಕ್ಕೆ, ಅಂದರೆ ಅಲ್ಲಿನವರ ಕಾಫಿ ವಿರಾಮಕ್ಕೆ, ಕೂತರೆ ಕಾಫಿ ಆರುವ ಮೊದಲೇ ಹೊಗೆಸೊಪ್ಪಿನ ತೋಟದ ಗುಲಾಮರು ಬರುತ್ತಿದ್ದರು. ಬಸ್ಸು ಹತ್ತಿದರೆ, ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳಬಾರದೆಂದು ಶಾಲೆಗಳನ್ನೇ ಮುಚ್ಚಿದ ಕಥೆ. ನಮ್ಮ ಸ್ಟಾಪ್ ಬಂದರೂ ಬಿಡುತ್ತಿರಲಿಲ್ಲ: "ತಡೀರಿ, ಗುಲಾಮರ ಮೊಮ್ಮಗ ಗವರ್ನರ್ ಆಗೋ ತನಕ ಯಾರೂ ಇಳಿಯೋ ಹಾಗಿಲ್ಲ!" ಅವಳ ಗುಂಗುರು ಕೂದಲು ಕಂಡು ಬೆಂಗಳೂರಿನ ಹೊಸಬರು ಇಂಗ್ಲಿಷಿನಲ್ಲಿ ಮಾತಾಡಿಸಿದರೆ, "ನಮ್ದು ಯಲ್ಲಾಪುರ, ಕನ್ನಡದಲ್ಲೇ ಕೇಳಿ" ಎಂದು ನಗುತ್ತಿದ್ದಳು. 2009ರ ಜೂನ್‌ನಲ್ಲಿ, ತುಂಬಿದ ಸಭೆಯೆದುರು ಅವಳ ಪಿಎಚ್‌ಡಿ ಪರೀಕ್ಷೆ. "ನೋಡದ ನಾಡಿನ ಚರಿತ್ರೆ ನಿಮಗೇಕೆ ಬೇಕಿತ್ತು?" ಎಂದು ಪರೀಕ್ಷಕರು ಕೆಣಕಿದರು. ರೇಣುಕಾ ತಡವರಿಸಲಿಲ್ಲ. "ನನ್ನ ಪೂರ್ವಜರನ್ನೂ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವಾದಲ್ಲಿ ಮಾರಿದರು. ಅವರು ತಪ್ಪಿಸಿಕೊಂಡು ನಮ್ಮ ಕಾಡು ಸೇರಿದರು. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ವರ್ಜೀನಿಯಾದಲ್ಲಿ ಕೆಲವರ ಹೆಸರುಗಳಾದರೂ ಉಳಿದಿದ್ದವು, ಅಲ್ಲಿಂದ ಶುರುಮಾಡಿದೆ. ಇನ್ನು ನಮ್ಮವರ ಸರದಿ." ಪರೀಕ್ಷಕರೇ ಎದ್ದು ಕೈ ಕುಲುಕಿದರು. ಫಲಿತಾಂಶ ಹೇಳಿದ ಕ್ಷಣ, ಮಗಳಿಗಾಗಿ ಮೊದಲ ಸಲ ವಿಮಾನ ಹತ್ತಿ ಬಂದಿದ್ದ ತಾಯಿ ಸೆರಗನ್ನು ಸೊಂಟಕ್ಕೆ ಸಿಗಿಸಿ, ಮುಂದಿನ ಬೆಂಚನ್ನೇ ಸಿದ್ದಿಗಳ ದಮಾಮಿ ವಾದ್ಯದಂತೆ ಬಡಿಯತೊಡಗಿದರು. ಸ್ವೀಡನ್ನಿನ ಆ ಶಿಸ್ತಿನ ಪ್ರೊಫೆಸರುಗಳೂ ಒಬ್ಬೊಬ್ಬರಾಗಿ ತಾಳ ಹಾಕಿದರು.