ಬಂದದ, ಬಂದ್ ಅದ

ಕಳೆದ ವಾರ ಸಿಗ್ನಲ್ಲಿನಲ್ಲಿ ನಮ್ಮ ಬಸ್ಸಿನ ಮುಂದೆ ನಿಂತಿದ್ದ ಟೆಂಪೋ ಹಬೆ ಉಗುಳತೊಡಗಿತು. ರೇಡಿಯೇಟರಿನ ಕುದಿನೀರಿಗೆ ಅದರದೇ ವಾಸನೆಯಿದೆ, ತುಕ್ಕು ಮತ್ತು ಸಿಹಿ ಬೆರೆತದ್ದು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಪುಣೆಯ ಸದಾಶಿವ ಪೇಠದಲ್ಲಿ ಹಲವು ಸಂಸಾರಗಳಿದ್ದ ನಮ್ಮ ವಾಡೆಯ ಅಂಗಳ ನೆನಪಾಯಿತು, ಅಲ್ಲಿ ನಿಲ್ಲುತ್ತಿದ್ದ ಜೀಪು, ಅದರ ಒಡತಿಯಾದ ಕೆಳಮನೆಯ ಕಾಕು...

ಕಾಕು ನಮಗೆ ಸಂಬಂಧಿಕರಲ್ಲ. ಇಬ್ಬರೂ ವಿಜಾಪುರದ ಕಡೆಯವರು ಎಂಬ ಒಂದೇ ಕಾರಣಕ್ಕೆ ನನ್ನ ತಾಯಿಗೆ ಅಕ್ಕನಂತಾಗಿದ್ದರು. ಗಂಡ ತೀರಿಕೊಂಡ ಮೇಲೆ ಊರಂಚಿನ ಕೊಂಢವಾ ಗುಡ್ಡದಲ್ಲಿ ಕಟ್ಟಡ ಕಟ್ಟುವವರಿಗೆ ಮಧ್ಯಾಹ್ನದ ಊಟ ಒಯ್ಯುವ ಕೆಲಸ ಹಿಡಿದರು. ದುಡಿಯುವವರು ಕಲಬುರ್ಗಿ ಕಡೆಯ ಕುಟುಂಬಗಳು. ಜೋಳದ ರೊಟ್ಟಿ ಇಲ್ಲದೆ ಅವರಿಗೆ ಊಟವಾಗುತ್ತಿರಲಿಲ್ಲ. ಆಗ ಆ ಗುಡ್ಡಕ್ಕೆ ರಸ್ತೆ ಇರಲಿಲ್ಲ, ಬರೀ ಕಲ್ಲು, ಸಡಿಲ ಮಣ್ಣು. ಗಂಡ ಬಿಟ್ಟುಹೋದ ಹಳೆಯ ಜೀಪು ಮಾತ್ರ ಅಲ್ಲಿ ಹತ್ತುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಕು ತಾವೇ ಅದನ್ನು ನಡೆಸುತ್ತಿದ್ದರು.

ಆ ಬೇಸಿಗೆಯಲ್ಲಿ ಜೀಪು ಏರಿನ ನಡುವೆ ಕುದಿದು ನಿಲ್ಲತೊಡಗಿತು. ನೀರು ಬಿಸಿಯಾದಾಗ ರೇಡಿಯೇಟರಿನ ಫ್ಯಾನು ತಾನಾಗಿಯೇ ತಿರುಗಬೇಕು. ಅದಕ್ಕೆ ಸೂಚನೆ ಕೊಡುವ ಸೆನ್ಸರ್ ಮನಸ್ಸು ಬಂದಾಗಷ್ಟೇ ಕೆಲಸ ಮಾಡುತ್ತಿತ್ತು. ರೊಟ್ಟಿ ತಡವಾಗಿ ಮುಟ್ಟಿತು. ಇನ್ನೊಮ್ಮೆ ಹೀಗಾದರೆ ಬೇರೆಯವರಿಗೆ ಹೇಳುತ್ತೇನೆ ಎಂದ ಗುತ್ತಿಗೆದಾರ. ಪಕ್ಕದ ಓಣಿಯಲ್ಲಿದ್ದ ಕಾಕುವಿನ ಮೈದುನ ಅದೇ ಸಮಯ ನೋಡಿ ಬಂದರು.

"ಮಾರಿಬಿಡ್ರಿ ವೈನಿ. ಜೀಪ್ ಹೊಡಿಯೂದು ಹೆಣ್ಮಕ್ಕಳ ಕೆಲಸ ಅಲ್ಲ. ಗಿರಾಕಿ ನಾ ತರ್ತೀನಿ."

"ಗಿರಾಕಿ ಬಂದ್ರ ನಿನ್ನ ಸ್ಕೂಟರ್ ತೋರಸು," ಎಂದರು ಕಾಕು. "ಅದು ಚಾಲೂ ಆಗಬೇಕಂದ್ರ ದಿನಾ ಅರ್ಧ ಓಣಿ ಧಕ್ಕಾ ಕೊಡ್ತದ."

ಅವರು ಹೋದ ಮೇಲೆ ಕಾಕು ನನ್ನನ್ನು ಕರೆದರು. ನಾನು ಆಗ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುತ್ತಿದ್ದೆ.

"ತಂಗಿ, ಆ ಸೆನ್ಸರ್ ಗಿನ್ಸರ್ ನನಗ ಬ್ಯಾಡ. ಮನ್ಯಾಗ ಫ್ಯಾನ್ ಹಾಕ್ತೀವಲ್ಲ, ಹಂಗ ನಾ ಹಾಕಿದಾಗ ತಿರಗಬೇಕು, ನಾ ಬಂದ್ ಮಾಡಿದಾಗ ನಿಲ್ಲಬೇಕು. ಆಗ್ತದೇನು?"

ಆಗುತ್ತದೆ ಎಂದೆ. ಆ ಫ್ಯಾನು ಎಳೆಯುವ ಕರೆಂಟು ಹೆಚ್ಚು. ಅಷ್ಟನ್ನೂ ಸಣ್ಣ ಸ್ವಿಚ್ಚಿನಲ್ಲಿ ಹಾಯಿಸಿದರೆ ಸ್ವಿಚ್ಚು ಕರಗುತ್ತದೆ. ಆದ್ದರಿಂದ ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ರಿಲೇ, ರಿಲೇಯಿಂದ ಫ್ಯಾನು, ಇಷ್ಟಕ್ಕೆ ದಪ್ಪ ವೈರು. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ರಿಲೇಗೆ ಹೋದದ್ದು ತೆಳು ವೈರು ಮಾತ್ರ; ಅದರ ಸಣ್ಣ ಕರೆಂಟು ಮುಟ್ಟಿದರೆ ಸಾಕು, ರಿಲೇ ದಪ್ಪ ವೈರಿನ ದಾರಿಯನ್ನು ತಾನೇ ಕೂಡಿಸುತ್ತದೆ. ನಾನು ಬೇಡವೆಂದರೂ ಕಾಕು ವೈರಿನ ತುದಿಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದರು.

ಸಂಜೆಯ ಹೊತ್ತಿಗೆ ಮುಗಿಯಿತು. ನಾನು ಒಳಗೆ ಸ್ವಿಚ್ಚಿನ ಹತ್ತಿರ ಕೂತಿದ್ದೆ, ಕಾಕು ಬಾನೆಟ್ಟಿನ ಕೆಳಗೆ ಬಗ್ಗಿದ್ದರು. ಒಂದು ವೈರು ಫ್ಯಾನಿನ ರೆಕ್ಕೆಗೆ ತಾಗುವಂತಿತ್ತಂತೆ. ಅದನ್ನು ಸರಿಸುವ ಮೊದಲು, ಸ್ವಿಚ್ಚು ಆಫ್ ಇದೆಯೇ ಎಂದು ಕೇಳಿದರು: "ಬಂದ್ ಅದೇನು?" ನನ್ನ ಕಿವಿಗೆ ಬಿದ್ದದ್ದು "ಬಂದದೇನು". ಕರೆಂಟು ಬಂದಿದೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಕೈಯಲ್ಲಿ, ಕರೆಂಟು ಇದ್ದರಷ್ಟೇ ಹತ್ತುವ ಟೆಸ್ಟ್ ಲ್ಯಾಂಪು ಉರಿಯುತ್ತಿತ್ತು. "ಹೂಂ, ಬಂದದ," ಎಂದು ಸ್ವಿಚ್ಚು ಒತ್ತಿದೆ. ಕಾಕುವಿಗೆ ಅದು "ಬಂದ್ ಅದ" ಎಂದು ಕೇಳಿಸಿ, ಅವರು ಕೈ ಹಾಕಿದ್ದರು.

ಬೆಂಗಳೂರಿನವರು ಆಗಿದ್ದರೆ ಒಬ್ಬರು "ಆಫ್ ಇದೆಯಾ" ಎನ್ನುತ್ತಿದ್ದರು, ಇನ್ನೊಬ್ಬರು "ಬಂದಿದೆ" ಎನ್ನುತ್ತಿದ್ದರು, ಬೆರಳು ಉಳಿಯುತ್ತಿತ್ತು. ನಮ್ಮ ಪುಣೆಯ ಕನ್ನಡದಲ್ಲಿ ಬಂದದ್ದೂ ನಿಂತದ್ದೂ ಒಂದೇ ಥರ ಕೇಳುತ್ತದೆ.

ಕಾಕುವಿನ ಬೆರಳ ತುದಿ ಸೀಳಿತ್ತು. ಗದ್ದಲ ಕೇಳಿ ಮೈದುನ ಓಡಿ ಬಂದರು. "ನಾ ಹೇಳಿದ್ದಿಲ್ಲೇನ್ರಿ ವೈನಿ?"

ಕಾಕು ಅರಿಸಿನ ಒತ್ತಿದ ಬಟ್ಟೆಯನ್ನು ಬಿಗಿ ಹಿಡಿದಿದ್ದರು. "ಫ್ಯಾನ್ ತಿರಗ್ತದ ಅಂತ ನನ್ನ ಬೆರಳಿಗೆ ತಿಳದದ. ನಿನಗ ಇನ್ನೂ ತಿಳದಿಲ್ಲ."

ಮರುದಿನ ಪಟ್ಟಿ ಕಟ್ಟಿದ ಕೈಯಿಂದಲೇ ಗೇರು ಹಾಕಿದರು. ನಾನು ಅವರ ಪಕ್ಕದಲ್ಲಿದ್ದೆ. ಜೀಪು ನಡುದಾರಿಯಲ್ಲಿ ನಿಲ್ಲುವುದನ್ನು ಕಣ್ಣಾರೆ ನೋಡಲೆಂದು ಮೈದುನ ಹಿಂದೆ ರೊಟ್ಟಿಯ ಬುಟ್ಟಿಗಳ ನಡುವೆ ಕೂತಿದ್ದರು. ಏರು ಶುರುವಾಯಿತು. ಜೀಪು ನಡೆಯುವವರಿಗಿಂತ ನಿಧಾನ, ಗಾಳಿ ಇಲ್ಲ, ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿನ ಕಡೆ ಹೊರಟಿತು. ಕಾಕು ಸ್ವಿಚ್ಚು ಒತ್ತಿದರು.

"ತಿರಗತದೇನು?" ಎಂದು ಕೇಳಿದರು. ಆ ಇನ್ನೊಂದು ಪದ ಹಿಂದಿನ ಸಂಜೆಯಿಂದ ನಮ್ಮಿಬ್ಬರಲ್ಲಿ ನಿಷಿದ್ಧವಾಗಿತ್ತು.

"ತಿರಗತದ," ಎಂದೆ, ಬಾನೆಟ್ಟಿನ ಸದ್ದಿಗೆ ಕಿವಿಗೊಟ್ಟು.

ಮುಳ್ಳು ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ನಡುಗಿ, ಇಳಿಯಿತು. ಮೇಲೆ ಕಟ್ಟಡದ ಕೆಲಸದ ಹೆಂಗಸರು ಕೈ ತೊಳೆದು ಕಾಯುತ್ತಿದ್ದರು. ಮೈದುನ ಇಳಿದು ಪ್ಯಾಂಟಿನ ಧೂಳು ಜಾಡಿಸಿ, "ಹಾರ್ನ್ ಭಾಳ ಸಣ್ಣಗದ ವೈನಿ," ಎಂದರು. ಕಾಕು ಒಂದು ಬುಟ್ಟಿ ಎತ್ತಿ ಅವರ ಕೈಗೆ ಕೊಟ್ಟರು.

ಆಮೇಲೆ ಆ ಗುಡ್ಡಕ್ಕೆ ಡಾಂಬರು ಬಿತ್ತು, ಅಪಾರ್ಟ್‌ಮೆಂಟ್ ಸೊಸೈಟಿಗಳು ಎದ್ದವು. ಗುಡ್ಡದ ಕೆಲಸ ಮುಗಿಯುವವರೆಗೂ ರೊಟ್ಟಿ ಕಾಕುವಿನದೇ...

ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಹದಿಮೂರನೆಯ ದಿನದ ಪಂಕ್ತಿಯಲ್ಲಿ ಮೈದುನ ಬೀಗರಿಗೆ ಹೇಳುತ್ತಿದ್ದರು, "ಜೀಪ್ ಮಾರಬ್ಯಾಡ್ರಿ ವೈನಿ ಅಂತ ನಾನೇ ಅಂದಿದ್ದೆ. ಫ್ಯಾನಿನ ಸ್ವಿಚ್ ಸುದ್ದಾ ನಾನೇ ಕೂಡಿಸಿಕೊಟ್ಟೆ."

ಪಂಕ್ತಿಯಲ್ಲಿ ನಾನು ಮಾತನಾಡುವವಳಲ್ಲ. "ಇಲ್ರಿ ಕಾಕಾ," ಎಂದೆ. "ಮಾರ್ರಿ ಅಂದಾವ್ರು ನೀವು. ಸ್ವಿಚ್ ಕೂಡಿಸಿದ್ದು ಕಾಕು ಮತ್ತ ನಾನು."

ಬಡಿಸುವವರು ನಿಂತರು. ಅಮ್ಮ ನನ್ನ ಮೊಣಕೈ ಒತ್ತಿದಳು. ಆ ಮಾತನ್ನು ನಾನು ಅಂದು ಹಿಂದೆ ತೆಗೆದುಕೊಳ್ಳಲಿಲ್ಲ, ಇಂದೂ ತೆಗೆದುಕೊಳ್ಳುವುದಿಲ್ಲ. ಕಾಕು ಇದ್ದಿದ್ದರೆ ಇದನ್ನೇ ಇಡೀ ಪಂಕ್ತಿ ನಗುವ ಹಾಗೆ ಹೇಳುತ್ತಿದ್ದರು, ಮೈದುನ ಕೂಡ ನಗುವ ಹಾಗೆ. ನನಗೆ ಅದು ಬರುವುದಿಲ್ಲ. ಯಾರೂ ನಗಲಿಲ್ಲ.