ಮುಗ್ಗಿದ ಜೋಳದ ಮೋಟಾರು

ಬೇಸಿಗೆ ರಜೆ ಬಿದ್ದ ಮರುದಿನ ಬೆಳಿಗ್ಗೆ ಎಂಟಾಣೆ ಕೊಟ್ಟು ಸವಣೂರಿನಿಂದ ಶಿಗ್ಗಾಂವಿಗೆ ಟಾಂಗಾ ಹತ್ತಿದೆ. ಚೀಲದಲ್ಲಿ ಎರಡು ಅಂಗಿ, ಒಂದು ಪೊಟ್ಟಣ ಖಾರ, ಈಗ ಇದನ್ನು ಬರೆಯುತ್ತಿರುವ ಇದೇ ಮಾಸಪತ್ರಿಕೆಯ ಒಂದು ಹಳೆಯ ಸಂಚಿಕೆ ಇದ್ದವು. ಅದರಲ್ಲಿ ನನ್ನ ಲೇಖನವಿತ್ತು. ಯುದ್ಧದಿಂದಾಗಿ ಪೆಟ್ರೋಲು ಕೂಪನ್ನಿನ ಪಾಲಾಗಿರುವಾಗ, ತಿನ್ನಲು ಬಾರದ ಕೆಟ್ಟ ಧಾನ್ಯದಿಂದ ಸ್ಪಿರಿಟ್ ಇಳಿಸಿ ಮೋಟಾರು ಓಡಿಸಬಹುದೆಂದು ಬರೆದಿದ್ದೆ. ವಿಜ್ಞಾನ ಕಲಿಸುವ ಮಾಸ್ತರನ ಹುರುಪು. ಶಾಲೆಯ ಮೇಜಿನ ಮೇಲೆ ಒಂದು ಸೀಸೆಯಷ್ಟು ಮಾಡಿ ನೋಡಿದ್ದು ಬಿಟ್ಟರೆ ಬೇರೆ ಅನುಭವವಿರಲಿಲ್ಲ. ಚಿಕ್ಕೇರೂರಿನ ವೀರನಗೌಡರು ಅದನ್ನು ಓದಿದ್ದಲ್ಲದೆ ಮಾಡಿಯೂ ಬಿಟ್ಟಿದ್ದರು. ಬಂದು ನೋಡಿ ಹೋಗಬೇಕೆಂಬ ಅವರ ಕಾಗದ ಕಂಡು ನಾನು ದಂಗಾಗಿದ್ದೆ.

ಶಿಗ್ಗಾಂವಿಯಿಂದ ಹಾನಗಲ್ಲಿಗೆ ಪೆಟ್ರೋಲಿನ ಬದಲು ಇದ್ದಿಲ ಅನಿಲದಿಂದ ಓಡುವ ಬಸ್ಸು. ಹಿಂದೆ ಕಟ್ಟಿದ ಒಲೆ ಹೊತ್ತಿ ಎಂಜಿನ್ ಎಚ್ಚರವಾಗಲು ಮುಕ್ಕಾಲು ತಾಸು ಹಿಡಿಯಿತು. ಏರು ಬಂದಲ್ಲೆಲ್ಲ ಇಳಿದು ನೂಕಿದೆವು. ಹನ್ನೆರಡಾಣೆ ಕೊಟ್ಟದ್ದು ನಾವು, ಅರ್ಧ ದಾರಿ ಸವಾರಿ ಮಾಡಿದ್ದು ಬಸ್ಸು. ಈ ಡ್ರೈವರ್ ನನ್ನ ಲೇಖನ ಓದಿದ್ದರೆ ಎಂದು ಬೆವರೊರೆಸಿಕೊಳ್ಳುತ್ತ ಒಳಗೊಳಗೇ ಬೀಗಿದೆ. ಆ ದಿನ ಹಾನಗಲ್ಲಿನಲ್ಲಿ ಪರಿಚಯದವರ ಮನೆಯಲ್ಲಿ ಉಳಿದೆ.

ಬೆಳಿಗ್ಗೆ ಬಾಗಿಲಲ್ಲಿ ಗೌಡರ ಮೋಟಾರು ನಿಂತಿತ್ತು. ಸ್ವತಃ ಅವರೇ ನಡೆಸಿಕೊಂಡು ಬಂದಿದ್ದರು. ಐವತ್ತರ ಆಳು, ದೊಡ್ಡ ರುಮಾಲು, ಹೊಸ ಆಟಿಕೆ ಸಿಕ್ಕವನ ನಗು. “ಕುಂತ್ರಿ ಮಾಸ್ತರ್ರ, ನೀವು ಬರದ ಗಾಡಿ ಇದು” ಎಂದರು. ಗಾಡಿ ಯಾರೂ ನೂಕದೆ ಓಡಿತು. ಹಿಂದಿನಿಂದ ಹುಳಿಹುಳಿಯಾದ ಒಂದು ವಾಸನೆ ಬರುತ್ತಿತ್ತು. ನನಗೆ ಅತ್ತರಿನಷ್ಟೇ ಹಿತವಾಯಿತು.

ಚಿಕ್ಕೇರೂರಿನ ಹಿತ್ತಲಲ್ಲಿ ಎಲ್ಲವನ್ನೂ ತೋರಿಸಿದರು. ಜೋಳದ ಮೊಳಕೆ ಬೀಸಿ, ಗಂಜಿಗೆ ಕಲಸಿ, ಗಡಿಗೆಗಳಲ್ಲಿ ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುತ್ತಿದ್ದರು. ಯಾರೂ ಕುಡಿಯದಂತೆ ಸೀಮೆಎಣ್ಣೆ ಬೆರೆಸಿ ತೋರಿಸಿದ ಮೇಲೆಯೇ ಅಬಕಾರಿಯವರು ಪರವಾನಗಿ ಕೊಟ್ಟರಂತೆ. ಒಳ್ಳೆಯ ಜೋಳ ಸುಡುತ್ತಿದ್ದೀರಾ ಎಂದು ಅಳುಕುತ್ತಲೇ ಕೇಳಿದೆ. ಗೌಡರು ನನ್ನನ್ನು ಹಗೇವಿನ ಹತ್ತಿರ ಕರೆದೊಯ್ದರು. ಜೋಳ ತುಂಬಿಡುವ ಆ ನೆಲದ ಗುಂಡಿಯನ್ನು ಮುನ್ನಾದಿನವೇ ತೆರೆದು, ವಿಷಗಾಳಿ ಹೋಗಲೆಂದು ಬಿಟ್ಟಿದ್ದರು. ಈಗ ಕಂದೀಲು ಇಳಿಬಿಟ್ಟು ನೋಡಿ ಆಳುಗಳು ಇಳಿದರು. ನಡುವಿನ ಬಿಳಿ ಜೋಳ ಒಂದು ಕಡೆ, ಗೋಡೆಗೆ ಹತ್ತಿ ಮುಗ್ಗಿ ಕಪ್ಪಾದದ್ದು ಇನ್ನೊಂದು ಕಡೆ ಬಿತ್ತು. ಭಟ್ಟಿಗೆ ಹೆಚ್ಚುಪಾಲು ಹೋಗುತ್ತಿದ್ದುದು ಈ ಕಪ್ಪು ಜೋಳ. ನನ್ನ ಮಾತನ್ನು ಅವರು ಅಕ್ಷರಶಃ ನಡೆಸಿದ್ದರು. ನನಗೆ ಸಮಾಧಾನವಾಯಿತು.

ಬೇಲಿಯ ಆಚೆ ಏಳೆಂಟು ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ಗೌಡರ ಹೊಲದ ಕೂಲಿಯವರು. ಹಗೇವು ತೆಗೆದಾಗಲೆಲ್ಲ ಕಪ್ಪು ಜೋಳ ಒಯ್ಯುವುದು ಅವರ ವಾಡಿಕೆಯಂತೆ. ಈ ವರ್ಷ ಆಳುಗಳು ಅದನ್ನು ನೇರ ಹಂಡೆಯ ಕಡೆ ಹೊರುತ್ತಿದ್ದರು. ಅವರಲ್ಲಿ ಹಿರಿಯಳಾದ ಕರಿಯವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ತಿನ್ನಾಕ ಬರಂಗಿಲ್ಲ ಅಂತ ಬರದವರು ನೀವ ಏನ್ರಿ?”

ಹೌದೆಂದೆ.

“ಮೂರು ನೀರಾಗ ತೊಳದು ಬಿಸಲಿಗೆ ಹಾಕಿದ್ರ ರೊಟ್ಟಿ ಆಗತೈತ್ರಿ. ಮಳಿಗಾಲ ಪೂರಾ ನಾವು ತಿನ್ನೋದು ಅದನ್ನ.”

ಗೌಡರ ಮುಖ ನೋಡಿದೆ. ಅವರೂ ನನ್ನಂತೆಯೇ ಬೆರಗಾಗಿದ್ದರು. ಅಪ್ಪನ ಕಾಲದಿಂದ ಒಯ್ಯುತ್ತಿದ್ದರು, ಕೋಳಿಗೆಂದು ತಿಳಿದಿದ್ದೆ, ಯಾವತ್ತೂ ಕೇಳಿರಲಿಲ್ಲ ಎಂದರು. ಸುಳ್ಳೆನಿಸಲಿಲ್ಲ. ನಾನೂ ಯಾರನ್ನೂ ಕೇಳದೆಯೇ ಬರೆದಿದ್ದೆ.

ಕರಿಯವ್ವನ ಸೆರಗಿನ ಗಂಟಿನಲ್ಲಿ ಹೋದ ವರ್ಷದ ಕಪ್ಪು ಜೋಳದ ರೊಟ್ಟಿಯ ಬುತ್ತಿಯಿತ್ತು. ಒಂದು ತುಣುಕು ಕೇಳಿದೆ. “ಬ್ಯಾಡ್ರಿ, ವಾಸ್ನಿ ಬರತೈತಿ” ಎಂದಳು. ಇಸಿದುಕೊಂಡು ಬಾಯಿಗಿಟ್ಟೆ. ಕಹಿ, ಅದರ ಹಿಂದೆ ಹುಳಿ. ನುಂಗಲು ಎರಡು ಗುಟುಕು ನೀರು ಬೇಕಾಯಿತು. ಅವಳು ಅದನ್ನು ನಿತ್ಯ ತಿನ್ನುತ್ತಿದ್ದಳು.

ಬಿಳಿ ಜೋಳವನ್ನಾದರೂ ಕೊಡಿ ಎಂದೆ. ಅದು ಸರ್ಕಾರದ ಲೇವಿಗೆ, ಕಡ್ಡಾಯ ಧಾನ್ಯ ವಸೂಲಿಗೆ ಹೋಗಬೇಕು, ಮನೆಗೆ ಉಳಿಯುವುದೇ ಕಷ್ಟ ಎಂದು ಗೌಡರು ತಲೆ ತಗ್ಗಿಸಿದರು. ಹಂಡೆಗೆ ಇನ್ನೂ ಹೋಗದ ಕಪ್ಪು ಜೋಳವನ್ನು ಹೆಂಗಸರ ಮುಂದೆ ಸುರುವಿಸಿದರು. ಮೂರು ಬುಟ್ಟಿ ತುಂಬಿತು. ಉಳಿದ ಬುಟ್ಟಿಗಳು ಖಾಲಿ ಹೋದವು. ಮಿಕ್ಕದ್ದು ಆಗಲೇ ಹಂಡೆ ಸೇರಿತ್ತು, ಹಿಂದಿನ ಹಗೇವಿನದು ಗಡಿಗೆಗಳಲ್ಲಿ ನೊರೆಗಟ್ಟುತ್ತಿತ್ತು.

ಮರುದಿನ ಹಾನಗಲ್ಲಿಗೆ ನಡೆದೇ ಹೋಗುತ್ತೇನೆಂದು ಹೊರಟೆ. ಗೌಡರು ಗಾಡಿಯ ಬಾಗಿಲು ತೆರೆದು ಹಿಡಿದರು. “ಸ್ಪಿರಿಟ್ ಇಳಿಸಿದ್ದು ಇಳಿಸಿ ಆಗೇತ್ರಿ ಮಾಸ್ತರ್ರ. ಚೆಲ್ಲಿದ್ರ ರೊಟ್ಟಿ ಆಗತೈತೇನು?” ಹತ್ತಿ ಕುಳಿತೆ.

ಊರ ಹೊರಗೆ ಹೊಲಕ್ಕೆ ಹೊರಟಿದ್ದ ಹೆಂಗಸರು ದಾರಿ ಬಿಟ್ಟು ನಿಂತರು. ಹಿಂತಿರುಗಿ ನೋಡಿದೆ. ನಮ್ಮ ಹೊಗೆ ಅವರ ಮೇಲೆ ಹೋಯಿತು. ಕರಿಯವ್ವ ಸೆರಗನ್ನು ಮೂಗಿಗೆ ಹಿಡಿಯಲಿಲ್ಲ. ಅದೇ ಹುಳಿ ವಾಸನೆ, ಅವಳಿಗೆ ಗೊತ್ತಿದ್ದದ್ದೇ. ಈ ಗಾಡಿ ಎಲ್ಲಾದರೂ ಕೆಟ್ಟು ನಿಲ್ಲಲಿ, ಬರೆದದ್ದೇ ತಪ್ಪಾಗಲಿ ಎಂದು ದಾರಿಯುದ್ದಕ್ಕೂ ಬಯಸಿದೆ. ಹಾನಗಲ್ಲಿನವರೆಗೆ ಅದು ಒಮ್ಮೆಯೂ ನಿಲ್ಲಲಿಲ್ಲ.